ಬೋರ್ಡಿನ ಮೇಲೆ ಶೇಕಡಾ 60, ಕೀಬೋರ್ಡಿನ ಮೇಲೆ ಸೊನ್ನೆ!

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸು, ರಿಲೀಸು ಅಂತ ಅವೇ ಹಳೇ ನೆಪಗಳು, ಇರಲಿ ಬಿಡಿ. ಈ ಸಲ ಊರಿಗೆ ಹೋದಾಗ ಮಾಡಿದ ಒಂದು ಸಣ್ಣ ಕೆಲಸದ ಬಗ್ಗೆ ಹೇಳಬೇಕು. ಹೇಳ್ತಾ ಹೇಳ್ತಾ ಸ್ವಲ್ಪ ಜಗಳಾನೂ ಆಡ್ತೀನಿ. ಜಗಳ ಬೇರೆ ಯಾರ ಜೊತೆಗೂ ಅಲ್ಲ, ನಮ್ಮ ಜೊತೆಗೇ. ಮೊದಲೇ ಹೇಳಿದ್ದೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ :-)

ನಮ್ಮ ಊರು ಬೆಳಗಾವಿ. ಅಪ್ಪನ ಅಂಗಡಿ ರವಿವಾರ ಪೇಟೆಯಲ್ಲಿ. ನೋಡದವರಿಗಾಗಿ: ಅದು ಕಿರಾಣಿ, ಕಾಳುಕಡಿಗಳ ಹೋಲ್‌ಸೇಲ್ ಪೇಟೆ. ಬೆಳಿಗ್ಗೆ ಹೊತ್ತು ಟೆಂಪೋ, ಕೈಗಾಡಿ, ಹಮಾಲರ ನಡುವೆ ಸೈಕಲ್ ದಾಟಿಸೋದೂ ಕಷ್ಟ. ಗಿರಾಕಿಗಳಲ್ಲಿ ಕನ್ನಡದವರು, ಮರಾಠಿಯವರು, ಉರ್ದು ಮಾತಾಡೋರು ಎಲ್ಲ ಇದ್ದಾರೆ. ಅಪ್ಪ ಒಂದೇ ಉಸಿರಿನಲ್ಲಿ ಮೂರು ಭಾಷೆ ಬದಲಾಯಿಸ್ತಾರೆ. ಬಾಯಲ್ಲಿ, ಅಷ್ಟೇ. ಕೀಬೋರ್ಡಿನಲ್ಲಿ ಒಂದು ಸಲ ಬದಲಾಯಿಸಬೇಕಾದರೆ ಬೆಂಗಳೂರಿಗೆ ನನಗೆ ಫೋನು ಬರ್ತದೆ.

"ತಮ್ಮಾ, ಇದು ಮತ್ತ ಇಂಗ್ಲಿಷ್ ಆಗೇತಿ ನೋಡು."

"ಅಪ್ಪಾ, ಕಂಟ್ರೋಲ್ ಒತ್ತಿ ಹಿಡಕೊಂಡು ಸ್ಪೇಸ್ ಒತ್ರಿ."

"ಒತ್ತೇನಿ. ಏನೂ ಆಗವಲ್ದು."

"ಎರಡು ಸಲ ಒತ್ತಿದ್ರೇನು?"

"ಎಷ್ಟು ಸಲ ಒತ್ತೇನಿ ಯಾರಿಗೆ ಗೊತ್ತೋ ಮಾರಾಯಾ!"

ಎರಡು ಸಲ ಒತ್ತಿದರೆ ಹೊರಟ ಜಾಗಕ್ಕೇ ವಾಪಸ್. ಅಪ್ಪನ ತಪ್ಪೇನೂ ಇಲ್ಲ. ಮೂವತ್ತು ವರ್ಷ ತಕ್ಕಡಿ ಹಿಡಿದ ಮನುಷ್ಯ, ಪಾವು ಕಿಲೋ ತೂಕವನ್ನು ಕೈಯಲ್ಲೇ ಹೇಳ್ತಾರೆ. ಕಣ್ಣಿಗೆ ಕಾಣದ ಎರಡು ಕೀಗಳ ಜೋಡಿಯೊಂದು ತನ್ನ ಭಾಷೆಗೆ ಬಾಗಿಲು ಅಂತ ನೆನಪಿಟ್ಟುಕೊಳ್ಳೋದು ಅವರಿಗೆ ಆಗ್ಲಿಲ್ಲ, ಅಷ್ಟೇ.

ಬಿಲ್ಲಿಂಗ್‌ಗೆ ಬೇರೆ ಕಂಪ್ಯೂಟರ್ ಇದೆ. ರೇಟು ಪಟ್ಟಿ, ಚೀಟಿ ಬರೆಯೋಕೆ ಅಂತ ನಾನೇ ಒಂದು ರಾಸ್ಪ್‌ಬೆರಿ ಪೈ 4 ಇಟ್ಟಿದ್ದೆ, ಲಿನಕ್ಸ್ ಹಾಕಿ. ಈ ಸಲ ಹೋದಾಗ ಒಂದು ದೊಡ್ಡ ಕೆಂಪು ಬಟನ್ ತಂದೆ, ವಿಡಿಯೋ ಗೇಮ್ ಆಡೋ ಮಶೀನಿನಲ್ಲಿ ಇರ್ತದಲ್ಲ ಅಂಥದ್ದು. ಒಂದು ವೈರು ಜಿಪಿಐಒ 17ಕ್ಕೆ, ಇನ್ನೊಂದು ಗ್ರೌಂಡಿಗೆ. ಮೇಲೆ ಮಾರ್ಕರ್‌ನಿಂದ "ಕ" ಅಂತ ಬರೆದೆ. ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಆಮೇಲೆ ಕೂತು ಇದಕ್ಕೊಂದು ಕರ್ನೆಲ್ ಡ್ರೈವರ್ ಬರೆಯೋಕೆ ಶುರು ಮಾಡಿದೆ.

"ಏನು ಬರೀಲಿಕ್ಹತ್ತಿ?" ಅಂದ್ರು ಅಪ್ಪ.

"ಡ್ರೈವರ್."

"ಇಂಜಿನಿಯರಿಂಗ್ ಓದಿಸಿದ್ದು ಇದಕ್ಕೇನು? ಡ್ರೈವರ್ ಹೊರಗ ನಿಂತಾನ ನೋಡು, ಟೆಂಪೋದಾಗ."

(ತಿಳಿದವರು ಕೇಳ್ತೀರಿ: ಲಿನಕ್ಸ್‌ನಲ್ಲಿ ಜಿಪಿಐಒ-ಕೀಸ್ ಅನ್ನೋ ಡ್ರೈವರ್ ಮೊದಲೇ ಇದೆಯಲ್ಲ, ಡಿವೈಸ್ ಟ್ರೀಯಲ್ಲಿ ನಾಲ್ಕು ಸಾಲು ಬರೆದರೆ ಮುಗೀತಲ್ಲ ಅಂತ. ಹೌದು, ಇದೆ. ಕಡೆಗೆ ನೀವು ಮಾಡೋದಾದರೆ ಅದನ್ನೇ ಬಳಸಿ. ಆದರೆ ಆಪರೇಟಿಂಗ್ ಸಿಸ್ಟಂ ಅನ್ನೋ ವಿಷಯದಲ್ಲಿ ಒಳ್ಳೇ ಮಾರ್ಕ್ಸ್ ತಗೊಂಡು ಪಾಸಾದ ನಾನು, ಕರ್ನೆಲ್ಲಿನ ಒಂದು ಸಾಲು ಕೋಡನ್ನೂ ಮುಟ್ಟದೆ ಪಾಸಾಗಿದ್ದೆ. ಆ ಸಾಲ ತೀರಿಸಬೇಕಿತ್ತು.)

ಬಟನ್ ಅಂದ್ರೆ ಏನು ಮಹಾ ಅಂದ್ಕೊಂಡಿದ್ದೆ. ಒತ್ತಿದಾಗ ಪಿನ್ನಿನ 3.3 ವೋಲ್ಟ್ ಸೊನ್ನೆಗೆ ಇಳೀತದೆ, ಇಂಟರಪ್ಟ್ ಬರ್ತದೆ, ಡ್ರೈವರ್ ಎದ್ದು ಇನ್‌ಪುಟ್ ಸಬ್‌ಸಿಸ್ಟಮ್‌ಗೆ "ಇಂಥ ಕೀ ಒತ್ತಿದ್ರು" ಅಂತ ವರದಿ ಮಾಡ್ತದೆ. ಪುಸ್ತಕದಲ್ಲಿ ಹಾಗೇ ಇತ್ತು. ಅಂಗಡಿಯಲ್ಲಿ ಹಾಗಾಗಲಿಲ್ಲ. ಒಳಗಿನ ಲೋಹದ ಎರಡು ತುಂಡುಗಳು ಒಂದಕ್ಕೊಂದು ತಾಗಿದಾಗ ಕೆಲವು ಮಿಲಿಸೆಕೆಂಡು ಪುಟೀತವೆ, ಕಲ್ಲಿನ ಮೇಲೆ ಬಿದ್ದ ಗೋಲಿಯ ಹಾಗೆ. ಅಪ್ಪ ಒಂದೇ ಸಲ ಒತ್ತಿದ್ರೂ ಕರ್ನೆಲ್‌ಗೆ ಐದು ಸಲ, ಆರು ಸಲ ಒತ್ತಿದ ಹಾಗೆ. ಬೆಸ ಸಂಖ್ಯೆ ಬಂದ್ರೆ ಕನ್ನಡ, ಸಮ ಸಂಖ್ಯೆ ಬಂದ್ರೆ ಮತ್ತೆ ಇಂಗ್ಲಿಷ್! "ಇದು ಮಟ್ಕಾ ಆಡ್ಲಿಕ್ಹತ್ತೇತಲ್ಲೋ" ಅಂದ್ರು ಅಪ್ಪ.

ಸರಿ, ಮೊದಲ ಪುಟಿತದ ನಂತರ 20 ಮಿಲಿಸೆಕೆಂಡು ಕಾಯೋಣ ಅಂತ ಇಂಟರಪ್ಟ್ ಹ್ಯಾಂಡ್ಲರ್ ಒಳಗೇ ನಿದ್ದೆ ಹಾಕಿಸಿದೆ. ಕರ್ನೆಲ್ ಬೈದು ಪರದೆ ತುಂಬ ಕಕ್ಕಿ ಮಲಗಿಬಿಡ್ತು. ಇಂಟರಪ್ಟ್ ಹೊತ್ತಿನಲ್ಲಿ ನಿದ್ದೆ ಮಾಡೋ ಹಾಗಿಲ್ಲ. ಬಾಗಿಲಾಚೆ ನೋಡಿದಾಗ ತಲೆಗೆ ಹೋಯ್ತು: ಬೆನ್ನ ಮೇಲೆ ಚೀಲ ಹೊತ್ತ ಹಮಾಲನನ್ನು ನಿಲ್ಲಿಸಿ ಯಾರೂ ಲೆಕ್ಕ ಕೇಳೋದಿಲ್ಲ. ಚೀಲ ಇಳಿಸಿ ಅವನು ಹೋಗ್ತಾನೆ, ಲೆಕ್ಕ ಒಳಗೆ ಕೂತವನು ಆಮೇಲೆ ಬರೀತಾನೆ. ಕರ್ನೆಲ್ಲಿನಲ್ಲೂ ಹಾಗೇ. ಹ್ಯಾಂಡ್ಲರ್ "ಬಂತು" ಅಂತಷ್ಟೇ ಹೇಳಿ ಹೊರಡಬೇಕು, 20 ಮಿಲಿಸೆಕೆಂಡಿನ ನಂತರ ಪಿನ್ ಇನ್ನೂ ಕೆಳಗೇ ಇದೆಯಾ ಅಂತ ನೋಡೋ ಕೆಲಸ ಇನ್ನೊಬ್ಬನದು. ಹಾಗೆ ಬರೆದ ಮೇಲೆ ಒಂದು ಒತ್ತಿಗೆ ಒಂದೇ ಘಟನೆ. ಮಟ್ಕಾ ಬಂದ್.

ಇಲ್ಲಿವರೆಗೆ ಖುಷಿ. ಈಗ ಜಗಳದ ಭಾಗ.

ಡ್ರೈವರ್ ಕರ್ನೆಲ್‌ಗೆ ಒಂದು ಸಂಖ್ಯೆ ಹೇಳಬೇಕು. ಪ್ರತಿ ಕೀಗೂ ಒಂದು ಸಂಖ್ಯೆ, ಎಲ್ಲ ಒಂದೇ ಫೈಲಿನಲ್ಲಿ ಇದೆ. "ಕ" ಬಟನ್‌ಗೆ ಯಾವ ಸಂಖ್ಯೆ ಕೊಡೋಣ ಅಂತ ಆ ಫೈಲು ತೆಗೆದೆ. ಜಪಾನಿಯವರ ಕಟಕಾನ 90, ಹಿರಗಾನ 91, ಹೆಂಕಾನ್ 92. ಕೊರಿಯಾದ ಹಂಗುಲ್ 122, ಹಂಜಾ 123. ಯೆನ್ 124, ಡಾಲರ್ 434, ಯೂರೋ 435. ಬ್ರೈಲ್ ಚುಕ್ಕಿಗಳಿಗೆ 497ರಿಂದ 506. ಕಾಫಿಗೆ ಎದ್ದು ಹೋಗುವಾಗ ಪರದೆಗೆ ಬೀಗ ಹಾಕೋಕೆ 152, ಅದರ ಹೆಸರೇ ಕಾಫಿ! ಹಡಗಿನಲ್ಲಿ ಮೀನು ಹಿಡಿಯೋರು ನೋಡುವ ನಕ್ಷೆಗೆ 641. ಕನ್ನಡಕ್ಕೆ ಇಲ್ಲ. ತಮಿಳು, ಹಿಂದಿ, ಮರಾಠಿ, ಬಂಗಾಳಿಗೂ ಇಲ್ಲ. ರೂಪಾಯಿಗೂ ಇಲ್ಲ. 2010ರಲ್ಲಿ ರೂಪಾಯಿ ಚಿಹ್ನೆ ಬಂದಾಗ ಎಷ್ಟು ಸಂಭ್ರಮ ಪಟ್ವಿ! ಕಡೆಗೆ ಅದು 4ರ ಕೀಯ ಮೂಲೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿ ಕೂತಿದೆ.

"ಮುಂದಿನ ಕೀಬೋರ್ಡ್ ವಿನ್ಯಾಸ" ಅನ್ನೋ ಸಾಮಾನ್ಯ ಸಂಖ್ಯೆಯೊಂದಿದೆ, 584. ನ್ಯಾಯವಾಗಿ ನಾನು ಕೊಡಬೇಕಿದ್ದಿದ್ದು ಅದನ್ನೇ. ಕೊಟ್ಟೆ. ಏನೂ ಆಗ್ಲಿಲ್ಲ. ಯಾಕಂದ್ರೆ ನಾನು ಬಳಸ್ತಿದ್ದ ಎಕ್ಸ್ 11 ವ್ಯವಸ್ಥೆಯಲ್ಲಿ ಕೀ ಸಂಖ್ಯೆಗೆ ಎಂಟೇ ಬಿಟ್ ಜಾಗ. ಅದು ಕರ್ನೆಲ್ ಸಂಖ್ಯೆಗೆ 8 ಕೂಡಿಸಿಕೊಳ್ತದೆ, 255 ದಾಟಿದರೆ ಬಾಗಿಲು ಹಾಕ್ತದೆ. 584 ಹೊರಗೇ ಉಳೀತು. ಹೊಸ ವೇಲ್ಯಾಂಡ್‌ನಲ್ಲಿ ಈ ಮಿತಿ ಇಲ್ಲ, ಒಪ್ಪಿದೆ. ಆದರೆ ಗಮನಿಸಿ: ಜಪಾನ್, ಕೊರಿಯಾ ಮೊದಲೇ ಬಂದು ನೆಲಮಹಡಿಯಲ್ಲಿ ಮನೆ ಮಾಡ್ಕೊಂಡ್ರು. ತಡವಾಗಿ ಬಂದವರಿಗೆ ಲಿಫ್ಟ್ ಹೋಗದ ಮಹಡಿ.

ಕೊನೆಗೆ ಏನು ಮಾಡಿದೆ ಗೊತ್ತಾ? 122 ಕೊಟ್ಟೆ. ಹಂಗುಲ್! ರವಿವಾರ ಪೇಟೆಯಲ್ಲಿ ನಮ್ಮಪ್ಪ "ಕ" ಒತ್ತಿದಾಗಲೆಲ್ಲ ಕಂಪ್ಯೂಟರಿನ ಒಳಗೆ ಕೊರಿಯಾದ ಕೀ ಒತ್ತಿದ ಹಾಗೆ ದಾಖಲಾಗ್ತದೆ. ಕನ್ನಡ ತನ್ನದೇ ಊರಿನಲ್ಲಿ ಕೊರಿಯಾದ ಪಾಸ್‌ಪೋರ್ಟ್ ಹಿಡಿದು ಓಡಾಡ್ತಿದೆ.

ಈಗ ಕೆಲವರಿಗೆ ಸಿಟ್ಟು ಬರಬಹುದು: ನೋಡಿ ಅಮೆರಿಕದವರು ನಮಗೆ ಮೋಸ ಮಾಡಿದ್ರು ಅಂತ. ಇಲ್ಲ ಸ್ವಾಮಿ. ಕರ್ನೆಲ್ ಯಾರಿಗೂ ದಾನ ಮಾಡೋದಿಲ್ಲ, ಯಾರಿಗೂ ಮೋಸ ಮಾಡೋದೂ ಇಲ್ಲ. ಲೋಕದಲ್ಲಿ ಯಾವ ಯಂತ್ರ ಇದೆಯೋ ಅದಕ್ಕೆ ಸಂಖ್ಯೆ ಕೊಡ್ತದೆ. ಕೊರಿಯಾದವರು ಕೀಬೋರ್ಡಿನ ಸ್ಪೇಸ್ ಪಕ್ಕ ಹಾನ್/ಯಾಂಗ್ ಅಂತ ಕೀ ಕೂರಿಸಿ ಲಕ್ಷಗಟ್ಟಲೆ ಮಾರಿದ್ರು, ಅದಕ್ಕೆ ಸಂಖ್ಯೆ ಬಂತು. ನಾವು ಕೂರಿಸಲಿಲ್ಲ, ಬರಲಿಲ್ಲ. ಇಷ್ಟೇ ಕಥೆ.

ನಾವೇನು ಮಾಡ್ತಿದ್ವಿ ಆಗ? ಯಾವ ಅಕ್ಷರ ಯಾವ ಕೀ ಮೇಲೆ ಅಂತ ಜಗಳ ಆಡ್ತಿದ್ವಿ. ಕೆ.ಪಿ. ರಾಯರ ವಿನ್ಯಾಸವೋ, ಇನ್‌ಸ್ಕ್ರಿಪ್ಟೋ, ಬರಹದ ಲಿಪ್ಯಂತರವೋ ಅಂತ ಗುಂಪು ಕಟ್ಟಿ ಹೊಡೆದಾಡಿದ್ವಿ. ಆ ಕೆಲಸ ಸಣ್ಣದು ಅಂತ ನಾನು ಹೇಳ್ತಿಲ್ಲ. ಅವರೆಲ್ಲ ಇಲ್ಲದಿದ್ದರೆ ನಾನಿವತ್ತು ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೀತಿದ್ದೆ, ಕೈ ಮುಗೀತೀನಿ. ಆದರೆ ಆ ಜಗಳವೆಲ್ಲ ಬೇರೆಯವರ ಮನೆಯ ಗೋಡೆಗೆ ಯಾವ ಬಣ್ಣ ಬಳೀಬೇಕು ಅನ್ನೋದು. ಮನೆ ನಮ್ಮದಲ್ಲ.

ನುಡಿ ನೆನಪಿದೆಯಾ? ಕನ್ನಡ, ಇಂಗ್ಲಿಷ್ ಬದಲಾಯಿಸೋಕೆ ಸ್ಕ್ರಾಲ್ ಲಾಕ್ ಒತ್ತಬೇಕಿತ್ತು. ಬರಹದಲ್ಲಿ ಒಂದು ಫಂಕ್ಷನ್ ಕೀ. ಯಾರೂ ಬಳಸದ ಕೀ ನೋಡಿ ಬಾಡಿಗೆಗೆ ಹಿಡಿದಿದ್ರು, ಆ ಕಾಲಕ್ಕೆ ಜಾಣ ಉಪಾಯವೇ. ಆಮೇಲೆ ಏನಾಯ್ತು? ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರಾಲ್ ಲಾಕನ್ನೇ ತೆಗೆದುಬಿಟ್ರು. ಮಾಲೀಕ ಮನೆ ಕೆಡವಿದ, ಬಾಡಿಗೆಯವರು ಬೀದಿಗೆ. ನಮ್ಮ ಭಾಷೆಯ ಬಾಗಿಲು ಯಾವ ಕೀ ಮೇಲಿತ್ತೋ ಆ ಕೀ ಹೋಯ್ತು ಅಂತ ಒಬ್ಬನಾದ್ರೂ ಬೀದಿಗಿಳಿದು ಕೂಗಿದ್ನಾ?

ಬೆಳಗಾವಿಯವನಾಗಿ ಇದು ನನಗೆ ಜಾಸ್ತಿ ಚುಚ್ತದೆ. ನಮ್ಮೂರಲ್ಲಿ ಬೋರ್ಡಿನ ಮೇಲಿನ ಅಕ್ಷರಕ್ಕಾಗಿ ಎಷ್ಟು ಜಗಳ ಆಗಿವೆ ಅಂತ ನಿಮಗೇ ಗೊತ್ತು. 2024ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ ಮಾಡಿದ್ರು. ಒಳ್ಳೇದು, ನನ್ನ ತಕರಾರಿಲ್ಲ. ಆದರೆ ಬೋರ್ಡಿನ ಕೆಳಗೆ ಬಾಗಿಲು ದಾಟಿ ಒಳಗೆ ಬನ್ನಿ. ಗಲ್ಲಾದ ಮೇಲೆ ಕಂಪ್ಯೂಟರ್ ಇದೆ. ಅದರ ಕೀಬೋರ್ಡಿನ ಮೇಲೆ ಕನ್ನಡ ಶೇಕಡಾ ಎಷ್ಟು? ಸೊನ್ನೆ. ವ್ಯಾಪಾರಿಯೊಬ್ಬ ದಿನಕ್ಕೆ ಹತ್ತು ಗಂಟೆ ಕೈ ಇಡೋ ಜಾಗದಲ್ಲಿ ಸೊನ್ನೆ, ವರ್ಷಕ್ಕೊಮ್ಮೆ ತಲೆ ಎತ್ತಿ ನೋಡೋ ಜಾಗದಲ್ಲಿ ಶೇಕಡಾ 60. ಬೋರ್ಡು ಕಾಣ್ತದೆ, ಅದರ ಮುಂದೆ ನಿಂತು ಫೋಟೋ ತೆಗೆಸ್ಕೋಬಹುದು. ಕೀ ಮುಂದೆ ಯಾರು ಫೋಟೋ ತೆಗೀತಾರೆ?

ಇನ್ನೊಂದು ಮಾತು. ನಮ್ಮ ಬಾಜೂ ಅಂಗಡಿಯ ಕಾಕಾ ಮರಾಠಿಯವರು. ಕೆಂಪು ಬಟನ್ ನೋಡೋಕೆ ಬಂದವರು ನಾಲ್ಕು ಸಲ ಒತ್ತಿ ನೋಡಿದ್ರು. "ನಮಗೂ ಒಂದು ಮಾಡಿ ಕೊಡೋ ಬಾಳಾ, ನನ್ನದರಾಗೂ ಇದ ಗೋಳು" ಅಂದ್ರು. ಬೋರ್ಡಿನ ವಿಷಯ ಬಂದ್ರೆ ಅಪ್ಪನಿಗೂ ಕಾಕಾಗೂ ಚಾ ಆರೋವರೆಗೆ ವಾದ. ಕೀಬೋರ್ಡಿನ ವಿಷಯದಲ್ಲಿ ಇಬ್ಬರೂ ಒಂದೇ ದೋಣಿ. ದೇವನಾಗರಿ ಬರೆಯೋ ಕೋಟಿಗಟ್ಟಲೆ ಜನಕ್ಕೂ ಆ ಫೈಲಿನಲ್ಲಿ ಒಂದು ಸಂಖ್ಯೆ ಇಲ್ಲ.

ಕೆಳಗೆ ಇಳಿದು ಕೆಲಸ ಮಾಡಿದವರು ನಮ್ಮಲ್ಲಿ ಇರಲೇ ಇಲ್ಲ ಅಂತಲ್ಲ. ಸಿಂಪ್ಯೂಟರ್ ಮರೆತುಬಿಟ್ರಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು, ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ 1999ರಲ್ಲಿ ಟ್ರಸ್ಟ್ ಮಾಡ್ಕೊಂಡು, 2001ರಲ್ಲಿ ಮಾದರಿ ತೋರಿಸಿದ ಅಂಗೈ ಕಂಪ್ಯೂಟರ್. ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಒಳಗೆ ಲಿನಕ್ಸ್. ಅಕ್ಷರ ಬಾರದವರಿಗೂ ಬಳಸೋಕೆ ಆಗಬೇಕು ಅಂತ ಭಾರತೀಯ ಭಾಷೆ ಓದಿ ಹೇಳೋ ಧ್ವನಿ ತಂತ್ರಾಂಶ. 2004ರಲ್ಲಿ ಪಿಕೊಪೆಟಾ ಕಂಪನಿಯ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು, ತಯಾರಿಸಿದ್ದು ನಮ್ಮ ಬಿಇಎಲ್. ಪರದೆಯಿಂದ ಹಿಡಿದು ಬಟನ್‌ವರೆಗೆ ಯಾವುದು ಎಲ್ಲಿರಬೇಕು ಅಂತ ಇಲ್ಲೇ ಕೂತು ತೀರ್ಮಾನ ಮಾಡಿದ ಯಂತ್ರ ಅದು. ಮಾರಾಟ ಆಗಿದ್ದು ಕೆಲವೇ ಸಾವಿರ. ಸೋತಿತು ಅಂತ ನಕ್ಕವರು ಬಹಳ ಜನ. ಸೋಲು ನಿಜ. ಆದರೆ ಆ ಸೋಲಿನಿಂದ ನಾವು ಕಲಿತ ಪಾಠ ತಪ್ಪು: "ಹಾರ್ಡ್‌ವೇರ್ ನಮ್ಮ ಕೈಲಾಗೋ ಕೆಲಸ ಅಲ್ಲ, ಮೇಲೆ ಮೇಲೆ ಆಪ್ ಮಾಡ್ಕೊಂಡಿರೋಣ."

ಕೈಲಾಗಲ್ಲ ಅನ್ನೋರು ಒಂದು ನೆನಪಿಡಿ. ಈ ದೇಶದ ಜನ ಅತಿ ದೊಡ್ಡ ನಂಬಿಕೆ ಇಟ್ಟು ಒತ್ತೋ ಬಟನ್ ಮತಯಂತ್ರದ್ದು, ಒಂದು ಬ್ಯಾಲೆಟ್ ಯೂನಿಟ್ ಮೇಲೆ 16 ಅಭ್ಯರ್ಥಿಗಳಿಗೆ ಜಾಗ. ಅದನ್ನು ತಯಾರಿಸೋ ಎರಡು ಸಂಸ್ಥೆಗಳಲ್ಲಿ ಒಂದು ಇದೇ ಬೆಂಗಳೂರಿನ ಬಿಇಎಲ್. ಓದಲು ಬಾರದ ಅಜ್ಜಿಯೂ ಒತ್ತಿ, ಕೆಂಪು ದೀಪ ನೋಡಿ, ಬೀಪ್ ಕೇಳಿ, ಆಯ್ತು ಅಂತ ಹೊರಗೆ ಬರ್ತಾಳೆ. ಅಂಥ ಬಟನ್ ಮಾಡೋ ಊರಿಗೆ ಒಂದು ಭಾಷಾ ಕೀ ಮಾಡೋದು ಕಷ್ಟವಾ?

ಸರಿ, ಎದುರು ವಾದಗಳನ್ನೂ ನೋಡೋಣ.

ಒಂದು: "ಕೀಬೋರ್ಡಿನಲ್ಲಿ ಜಾಗ ಇಲ್ಲ." ಹೌದಾ? 1994ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಕೀ ತಂತು. 2024ರ ಜನವರಿಯಲ್ಲಿ ಕೋಪೈಲಟ್ ಕೀ ಘೋಷಿಸ್ತು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೆನು ಕೀಯನ್ನು, ಇನ್ನು ಕೆಲವದರಲ್ಲಿ ಬಲಗಡೆ ಕಂಟ್ರೋಲ್ ಕೀಯನ್ನೇ ಎಬ್ಬಿಸಿ ಅದನ್ನು ಕೂರಿಸಿದ್ರು. ಒಳಗೆ ಅದು ಕಳಿಸೋದು ಶಿಫ್ಟ್, ವಿಂಡೋಸ್, ಎಫ್ 23 ಮೂರೂ ಒಟ್ಟಿಗೆ. 2025ರಲ್ಲಿ ಲಿನಕ್ಸ್‌ನ ಹಳೇ ಕೀಬೋರ್ಡ್ ಡ್ರೈವರಿನಲ್ಲೂ ಅದಕ್ಕಾಗಿ ಎಫ್ 23ಕ್ಕೆ ಜಾಗ ಮಾಡಿದ್ರು. ಕೇಳೋರಿಗೆ ತೂಕ ಇದ್ರೆ ಜಾಗ ಹುಟ್ತದೆ.

ಎರಡು: "ಕಂಟ್ರೋಲ್-ಸ್ಪೇಸ್ ಸಾಕಲ್ವಾ?" ನನಗೆ, ನಿಮಗೆ ಸಾಕು. ನಾವು ಹಗಲೆಲ್ಲ ಕೀಬೋರ್ಡ್ ಕುಟ್ಟೋ ಜನ. ಆದರೆ ಬರೀ ಸಾಫ್ಟ್‌ವೇರಿನಲ್ಲಿ ಕೀಬೋರ್ಡ್ ಮಾಡೋ ಸ್ವಾತಂತ್ರ್ಯ ಸಿಕ್ಕ ಕೂಡಲೇ ಏನಾಯ್ತು ನೋಡಿ. ಮೊಬೈಲ್ ಪರದೆಯ ಮೇಲೆ ಭೂಗೋಳದ ಚಿತ್ರದ ಭಾಷಾ ಕೀ ಬಂದು ಕೂತಿತು. 2020ರಿಂದ ಆಪಲ್ ತನ್ನ ಲ್ಯಾಪ್‌ಟಾಪ್ ಕೀ ಮೇಲೂ ಅದೇ ಚಿತ್ರ ಹಾಕ್ತು. ಅಂದ್ರೆ ಬೇಕು ಅನ್ನೋದು ಅವರಿಗೇ ಗೊತ್ತಾಗಿದೆ. ನಮ್ಮ ಅಗ್ಗದ ಕೀಬೋರ್ಡಿಗೆ ಯಾಕಿಲ್ಲ?

ಮೂರು: "ಇನ್ನು ಎಲ್ಲ ಬಾಯಲ್ಲೇ ಹೇಳೋದು, ಕೀ ಯಾರಿಗೆ ಬೇಕು?" ರವಿವಾರ ಪೇಟೆಗೆ ಬನ್ನಿ, ಬೆಳಿಗ್ಗೆ ಹನ್ನೊಂದಕ್ಕೆ. ಟೆಂಪೋ ಹಾರ್ನು, ಹಮಾಲರ ಕೂಗು, ನಾಲ್ಕು ಗಿರಾಕಿ ಮೂರು ಭಾಷೆ. ಅಲ್ಲಿ ನಿಂತು ಉಧಾರಿ ಲೆಕ್ಕವನ್ನು ಎಲ್ಲರಿಗೂ ಕೇಳೋ ಹಾಗೆ ಕಂಪ್ಯೂಟರಿಗೆ ಹೇಳಿ ನೋಡಿ. ಸಂಜೆಗೆ ಗಿರಾಕಿ ಬೇರೆ ಅಂಗಡಿಯಲ್ಲಿರ್ತಾನೆ :-)

ಹಾಗಾದ್ರೆ ಮಾಡಬೇಕಾದ್ದೇನು? ಕನ್ನಡಕ್ಕೊಂದೇ ಪ್ರತ್ಯೇಕ ಸಂಖ್ಯೆ ಕೇಳೋದು ಹಟವಾಗ್ತದೆ, ಬೇಡ. ಯುಎಸ್‌ಬಿ ಕೀಬೋರ್ಡುಗಳ ಜಾಗತಿಕ ಪಟ್ಟಿಯಲ್ಲಿ ಲ್ಯಾಂಗ್ 1ರಿಂದ ಲ್ಯಾಂಗ್ 9ರವರೆಗೆ ಒಂಬತ್ತು ಭಾಷಾ ಕೀಗಳಿವೆ. ಮೊದಲ ಐದು ಕೊರಿಯಾ, ಜಪಾನ್ ಬಳಕೆಯವು. ಉಳಿದ ನಾಲ್ಕು ಭಾಷೆಗೆ ಸಂಬಂಧಿಸಿದ ಕೆಲಸಕ್ಕೆ ಅಂತ ಕಾದಿರಿಸಿ ಖಾಲಿ ಇಟ್ಟಿದ್ದಾರೆ. ಅದರಲ್ಲಿ ಒಂದನ್ನು ಭಾರತದ ಎಲ್ಲ ಭಾಷೆಗೂ ಸೇರಿ ಕೇಳಬಹುದು. ಕನ್ನಡಿಗ ಒತ್ತಿದ್ರೆ ಕನ್ನಡ, ಕಾಕಾ ಒತ್ತಿದ್ರೆ ಮರಾಠಿ. ಆದರೆ ಬರೀ ಅರ್ಜಿಗೆ ಯಾರೂ ಬಗ್ಗಲ್ಲ, ಮೊದಲು ಕೀಬೋರ್ಡ್ ಇರಬೇಕು. ಸರ್ಕಾರ ತನ್ನ ಕಚೇರಿ, ಶಾಲೆ, ಗ್ರಾಮ ಪಂಚಾಯಿತಿಗೆ ಕೊಳ್ಳೋ ಕಂಪ್ಯೂಟರಿನ ಟೆಂಡರಿನಲ್ಲಿ ಎರಡೇ ಸಾಲು ಸೇರಿಸಲಿ: ಕೀಗಳ ಮೇಲೆ ಕನ್ನಡ ಅಕ್ಷರ ಇರಬೇಕು, ಸ್ಪೇಸ್ ಪಕ್ಕ ಭಾಷಾ ಕೀ ಇರಬೇಕು. ಮಾರೋರು ತಾವಾಗೇ ಮಾಡ್ತಾರೆ. ಬೋರ್ಡಿಗಾಗಿ ಕಾನೂನು ತಂದವರಿಗೆ ಎರಡು ಸಾಲು ಭಾರವಾ? ನಾಮಫಲಕ ಅಳೆಯೋ ನಮ್ಮ ಸಂಘಟನೆಗಳು ಒಂದು ದಿನ ತಹಶೀಲ್ದಾರ್ ಕಚೇರಿಯ ಕೀಬೋರ್ಡನ್ನೂ ಅಳೀಲಿ.

ಇನ್ನು ನಾವು, ಇಲ್ಲಿ ಬರೆಯೋರು, ಓದೋರು. ನಮ್ಮಲ್ಲಿ ಅರ್ಧಕ್ಕರ್ಧ ಜನ ಸಾಫ್ಟ್‌ವೇರಿನವರೇ. ಹಗಲು ಬೇರೆ ದೇಶದ ಬಟನ್‌ಗಳಿಗೆ ಕೋಡ್ ಬರೀತೀವಿ, ರಾತ್ರಿ ಕನ್ನಡ ಸಾಯ್ತಿದೆ ಅಂತ ಬರೀತೀವಿ. (ನಾನೂ ಅದೇ ಗಿರಾಕಿ.) ಲಿನಕ್ಸ್ ಕರ್ನೆಲ್ ಜೊತೆ ಬರೋ ದಾಖಲೆಗಳಲ್ಲಿ ಅನುವಾದಗಳಿಗೆ ಅಂತಲೇ ಒಂದು ಫೋಲ್ಡರ್ ಇದೆ. ಚೀನೀ, ಜಪಾನೀ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಶ್ ಎಲ್ಲ ಇವೆ. ಭಾರತದ ಒಂದು ಭಾಷೆಯೂ ಇಲ್ಲ. ಬೆಂಗಳೂರನ್ನು ಸಿಲಿಕಾನ್ ಕಣಿವೆ ಅಂತ ಕರ್ಕೊಳ್ಳೋ ನಮಗೆ ನಾಚಿಕೆ ಆಗಬೇಕು. ಯಾರೂ ತಡೆದಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಬೆಳಗಾವಿಯ, ಹುಬ್ಬಳ್ಳಿಯ, ಕಲಬುರ್ಗಿಯ ಹುಡುಗನೊಬ್ಬ "ಇಂಟರಪ್ಟ್‌ನಲ್ಲಿ ನಿದ್ದೆ ಮಾಡಬಾರದು" ಅನ್ನೋದನ್ನು ತನ್ನ ಭಾಷೆಯಲ್ಲಿ ಓದಿದ್ರೆ ಮುಂದಿನ ಸಿಂಪ್ಯೂಟರ್ ಅವನೇ ಮಾಡ್ತಾನೋ ಏನೋ. ನಾನು ಇನ್‌ಪುಟ್ ಡ್ರೈವರ್ ಬರೆಯೋ ಅಧ್ಯಾಯದಿಂದ ಕನ್ನಡಕ್ಕೆ ತರೋಕೆ ಶುರು ಮಾಡಿದ್ದೀನಿ. ಇಬ್ಬರು ಮೂವರು ಕೈ ಜೋಡಿಸಿದ್ರೆ ಬೇಗ ಆಗ್ತದೆ.

ಅಪ್ಪನ ಸುದ್ದಿ ಹೇಳಿ ಮುಗಿಸ್ತೀನಿ. ಬೆಂಗಳೂರಿಗೆ ಬಂದು ಮೂರು ವಾರ ಆಯ್ತು. "ಮತ್ತ ಇಂಗ್ಲಿಷ್ ಆಗೇತಿ" ಅನ್ನೋ ಫೋನು ಒಂದೂ ಬಂದಿಲ್ಲ. ನಿನ್ನೆ ಬೇರೆ ಕಾರಣಕ್ಕೆ ಮಾಡಿದ್ರು:

"ತಮ್ಮಾ, ಆ ಕೆಂಪು ಬಟನ್ ಮ್ಯಾಲಿನ 'ಕ' ಅಳಿಸಿ ಹೋಗೇತಿ. ಒತ್ತಿ ಒತ್ತಿ. ಮುಂದಿನ ಸಲ ಬರುವಾಗ ಪೇಂಟ್ ತೊಗೊಂಡು ಬಾ."

ತರ್ತೀನಿ. ಕಾಕಾಗೂ ಒಂದು ಬಟನ್ ತರಬೇಕು.

(ಡ್ರೈವರ್ ಕೋಡ್ 130 ಸಾಲು ಇದೆ. ಬೇಕಾದೋರು ಕೇಳಿ, ಕಳಿಸ್ತೀನಿ. ತಪ್ಪು ಹುಡುಕಿದವರಿಗೆ ಬೆಳಗಾವಿ ಕುಂದಾ :-))